ಕಬುಕಿ ನಟನ ಮುಖ ಕೈಯಿಂದ ಬರಿಯೋದು ಹೆಂಗ

ನಾಟಕ ಕಂಪನಿ ಪರದೆ ಬರದು ಪಳಗಿದ ಕೈ ನಂದು. ಅರಮನಿ, ಕಾಡು, ಬೀದಿ, ಕೈಲಾಸ, ಎಲ್ಲಾ ಆಗ್ಯಾವು. ಈಗ ಹುಬ್ಬಳ್ಳಿಯೊಳಗ ಹೊಸಾ ಹೋಟೆಲ್ಲಿನವರು ಕಬುಕಿ ಅನ್ನೋ ಜಪಾನಿ ನಾಟಕದವರ ಚಿತ್ರ ಬರದುಕೊಡ್ರಿ ಅಂತ ಬರ್ತಾರ, ಚಿತ್ರಕಲಾ ಕಲಿಯೋ ಹುಡುಗ್ರೂ ಕೇಳ್ತಾರ. ಅದಕ್ಕ ಒಂದೇ ಚಿತ್ರ ಹಿಡದು ಹೇಳ್ತೇನಿ. ಇದು ಕೈಗೆ ಹತ್ತಿದ್ರ ಉಳದವು ತಾವಾಗೇ ಬರ್ತಾವು.

ಚಿತ್ರ ಜಪಾನಿ ಚಿತ್ರಗಾರ ಶರಾಕುಂದು, 1794ರದು. ಮೂರನೇ ಓತಾನಿ ಓನಿಜಿ ಅನ್ನೋ ನಟ ಎದೊಬೆ ಅನ್ನೋ ಪುಂಡನ ವೇಷದಾಗ ರೊಕ್ಕ ಕಸಗೊಳ್ಳಾಕ ಮುಂದ ಬಾಗ್ಯಾನ. ಶರಾಕು ಅನ್ನಾವ ಸುಮಾರು ಹತ್ತು ತಿಂಗಳು ಚಿತ್ರ ಕೊಟ್ಟು ಮಾಯ ಆದ. ಅವ ಯಾರು ಅಂತ ಇನ್ನೂ ವಾದ ಮುಗದಿಲ್ಲ. ಮೂಲ ಮರದಚ್ಚಿನ ಮುದ್ರಣ, ಹತ್ತಿರ ಹತ್ತಿರ 38 ಸೆಂ.ಮೀ. ಎತ್ತರ, 25 ಅಗಲ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತನ್ನ ಜಾಲತಾಣದಾಗ ಇದನ್ನ ಪುಕ್ಕಟೆ ಇಟ್ಟೈತಿ. ಇಳಿಸಿಕೊಂಡು ಎ3 ಹಾಳಿ ಮ್ಯಾಲೆ ಮೂಲದ ಅಳತಿಗೇ ಪ್ರಿಂಟ್ ತಗಸ್ರಿ. ಮೊಬೈಲ್ ನೋಡಿಕೋತ ಬರೀತೇನಿ ಅನ್ನಾವರು ಬರೀಬ್ಯಾಡ್ರಿ.

ಅಚ್ಚಿನ ಚಿತ್ರಾನ ಕೈಲೆ ಬರದ್ರ ಏನು ಕಿಮ್ಮತ್ತು ಅಂತ ಕೆಲವರು ಮೂಗು ಮುರೀತಾರ. ಕಬುಕಿ ಥೇಟರಿನ ಮುಂದ ಹಾಕೋ ಬೋರ್ಡು ತೊರಿಯಿ ಮನೆತನದವರು ತಲತಲಾಂತರದಿಂದ ಕೈಲೇ ಬರೀತಾ ಬಂದಾರ. ನಾವು ಬೋರ್ಡ್ ಪೇಂಟರ್‌ಗಳು ಅವರಿಗೆ ದೂರದ ಬೀಗರು ಅಂದ್ಕೋರಿ.

ಪ್ರಿಂಟಿನ ಮ್ಯಾಲೆ ಎರಡೂವರೆ ಸೆಂ.ಮೀ. ಚೌಕ ಹೊಡೀರಿ. 76×56ರ ದೊಡ್ಡ ಡ್ರಾಯಿಂಗ್ ಹಾಳಿ ಮ್ಯಾಲೆ ನಾಲ್ಕೂವರೆ ಸೆಂ.ಮೀ. ಚೌಕ. ಸಣ್ಣ ಚೌಕದಾಗ ಇದ್ದದ್ದನ್ನ ಅದರ ಜೋಡಿ ದೊಡ್ಡ ಚೌಕಕ್ಕ ನೋಡಿ ಇಳಿಸ್ರಿ. ಚಿತ್ರ 68×45 ಆಗಿ, ಸುತ್ತ ಅಂಚು ಉಳೀತೈತಿ. ಚೌಕದ ಗೆರಿ ಕಣ್ಣಿಗೆ ಕಾಣೂವಷ್ಟ ಇರ್ಲಿ, ಒತ್ತಬ್ಯಾಡ್ರಿ. ಹ್ಯಾಂಡ್‌ಮೇಡ್ ಹಾಳಿ ಬಣ್ಣ ಹೀರ್ತಿದ್ರ ಮೊದಲ ತೆಳ್ಳಗಿನ ಗೋಂದಿನ ನೀರು ಬಳದು ಒಣಗಿಸ್ರಿ. ಜಪಾನಿನವರೂ ಪಟಿಕ, ಅಂಟು ಕೂಡಿಸಿದ ನೀರು ಬಳೀತಾರ.

ಈಗ ಮುಖ. ಇಲ್ಲೇ ಚಿತ್ರ ಉಳಿಯೋದು ಇಲ್ಲಾ ಕೆಡೋದು. ಹುಬ್ಬು ಮ್ಯಾಲೇರ್ಯಾವು, ಕಣ್ಣಗುಡ್ಡಿ ಎರಡೂ ಮೂಗಿನ ಕಡೆ ಸರದಾವು, ಬಿಗದ ತುಟಿ ಕೆಳಗ ಬಾಗೈತಿ, ಗದ್ದ ಮುಂದ ಚಾಚೈತಿ. ಮುಖದ ಗೆರಿ ಸಣ್ಣಾವು, ಬಟ್ಟಿ ಗೆರಿ ದಪ್ಪನಾವು. ಕೈ ಎರಡೂ ಎದಿಮುಂದ ನಿಲುವಂಗಿಯೊಳಗಿಂದ ಹೊರಗ ಬಂದು ಬೆರಳು ಸೆಟದಾವು. ಆ ಕೈ ಮುಖಕ್ಕ ಸಣ್ಣವು, ಅಂಗರಚನಾಕ್ಕ ಹೊಂದೂದಿಲ್ಲ. ತಿದ್ದಾಕ ಹೋಗಬ್ಯಾಡ್ರಿ. ಕಲಿತ ಹುಡುಗ್ರು ಮೊದಲ ಕೈ ಹಾಕೋದೇ ಅಲ್ಲಿ. ಕೈ ಸರಿಯಾದ ಕೂಡಲೇ ಆ ಪುಂಡ ಬಸ್ಸಿಗೆ ಕಾಯೋ ಸಂಭಾವಿತನಂಗ ಕಾಣ್ತಾನ.

ನೆರಳು ಬ್ಯಾಡ. ಪರದೆ ಬರದ ಕೈಗೆ ಇದೇ ದೊಡ್ಡ ಕಷ್ಟ. ಕಂಬ ಕಂಡ್ರ ಒಂದ್ ಬಾಜು ಕಪ್ಪ ಮಾಡಿ ಗುಂಡಗ ಮಾಡೋದೇ ನಮ್ಮ ಕಸಬು. ಇಲ್ಲಿ ಮೂಗಿನ ಪಕ್ಕ ಒಂದೀಟು ನೆರಳು ಕೊಟ್ರೂ ಶರಾಕು ಹೋದ, ಕ್ಯಾಲೆಂಡರ್ ಬಂತು. ಒಂದೊಂದು ಭಾಗಕ್ಕ ಒಂದೊಂದೇ ಸಪಾಟು ಬಣ್ಣ. ಪೋಸ್ಟರ್ ಕಲರ್ ಸಾಕು. ಬೇಕಾದಕ್ಕಿಂತ ಜಾಸ್ತೀನೇ ಕಲಸಿ ಇಟ್ಕೋರಿ, ನಡುವ ಖಾಲಿಯಾದ್ರ ಅದೇ ಬಣ್ಣ ಮತ್ತ ಕೂಡೂದಿಲ್ಲ. ಮುಖಕ್ಕ ಬಿಳಿ ಬಣ್ಣ ಬಳೀಬ್ಯಾಡ್ರಿ. ಹಾಳಿಗೆ ಮೊದಲ ಹಳದಿ ಓಕರ್ ನೀರಾಗಿಸಿ ಬಳದಿದ್ರ ಅದೇ ಮೈಬಣ್ಣ ಆಗ್ತೈತಿ.

ಕೆಂಪು ಪಟ್ಟಿ ಬಳಕೊಂಡ ಮುಖಾನೇ ಬೇಕು ಅಂತ ಗಿರಾಕಿ ಹಟ ಹಿಡದ್ರ ಅದು ಬ್ಯಾರೆ ಚಿತ್ರ. ಆ ಬಣ್ಣಗಾರಿಕೆಗೆ ಕುಮಾದೊರಿ ಅಂತಾರ. ಕೆಂಪು ವೀರನಿಗೆ, ನೀಲಿ ದುಷ್ಟನಿಗೆ. ನಟರು ಪಟ್ಟಿ ಎಳದು ಒಂದ್ ಅಂಚು ಬೆರಳಿಲೆ ಸವರಿ ಮಸಕು ಮಾಡ್ತಾರ, ಇನ್ನೊಂದು ಅಂಚು ಹಂಗೇ ಚೂಪ ಬಿಡ್ತಾರ. ಬಣ್ಣ ಕರಗಿಸಾಕ ಅಲ್ಲಿ ಮಾತ್ರ ನನ್ನ ಒಪ್ಪಿಗಿ ಐತಿ.

ಹಿಂದಿನ ನೆಲ ಮೂಲದಾಗ ಕಪ್ಪು ಅಭ್ರಕದ್ದು, ಅಂದ್ರ ನಮ್ಮ ಕಾಗೆಬಂಗಾರ. ಕರಿಗೆ ಒಂದೀಟು ಕಂದು ಕೂಡಿಸಿ ಎರಡು ಕೋಟು ಬಳೀರಿ. ಪೂರ್ತಿ ಒಣಗಿದ ಮ್ಯಾಲೆ ಅಭ್ರಕದ ಪುಡಿ ತೆಳ್ಳಗಿನ ಗೋಂದಿನ ನೀರಾಗ ಕಲಸಿ, ಅಗಲ ಬ್ರಷ್ಷಿಲೆ ಒಂದೇ ದಿಕ್ಕಿಗೆ ಎಳೀರಿ. ಪುಡಿ ತಳ ಹಿಡೀತೈತಿ, ಅದ್ದೂವಾಗೆಲ್ಲಾ ಕಲಕ್ರಿ. ಲೈಟಿಗೆ ಹಾಳಿ ಓರೆ ಹಿಡದಾಗಷ್ಟೇ ಮಿಂಚಬೇಕು. ನೆಟ್ಟಗ ನೋಡಿದಾಗಲೂ ಹೊಳದ್ರ ಮದುವಿ ಪತ್ರಿಕಿ ಆತು.

ಕರಿ ಗೆರಿ ಕಟ್ಟಕಡೀಕ. ನೀರಿಗೆ ಕರಗದ ಡ್ರಾಯಿಂಗ್ ಇಂಕು, ಉದ್ದ ಕೂದಲಿನ ಲೈನರ್ ಬ್ರಷ್ಷು. ಬಟ್ಟಿ ಗೆರಿ ಭುಜದಿಂದ ಎಳೀರಿ, ಮಣಿಕಟ್ಟಿನಿಂದಲ್ಲ. ಹಣಿ ಮ್ಯಾಲಿನ ಕೂದಲ ಅಂಚಿಗೆ ಕರಿಯಿಂದ ಹಣಿ ಕಡೆ ಒಂದೊಂದೇ ಎಳಿ ಹಗುರಕ ಬಿಡ್ರಿ. ಮರ ಕೆತ್ತಾವರ ಕೈಚಳಕ ಆ ಕೂದಲದಾಗೇ ಕಾಣ್ತಿತ್ತು.

ಸಹಿಯ ಜಪಾನಿ ಅಕ್ಷರಾನೂ ಚಿತ್ರ ಅಂತಲೇ ತಿಳದು ನೋಡಿ ಬರೀರಿ. ಹಾಳಿ ಹಿಂದ ಮಾತ್ರ ನಿಮ್ಮ ಹೆಸರು, ಇಸವಿ, ‘ಶರಾಕು ಚಿತ್ರದ ಪ್ರತಿ’ ಅಂತ ದಪ್ಪಕ್ಷರದಾಗ ಬರದೇ ಕೊಡ್ರಿ. ಕಟ್ಟು ಹಾಕಿಸೂವಾಗ ಗಾಜಿಗೂ ಚಿತ್ರಕ್ಕೂ ನಡುವ ಮೌಂಟ್, ಅಂದ್ರ ಸುತ್ತ ರಟ್ಟಿನ ಪಟ್ಟಿ, ಇಡಾಕ ಹೇಳ್ರಿ. ಗಾಜು ಅಭ್ರಕಕ್ಕ ತಾಗಿದ್ರ ಮಳಿಗಾಲದಾಗ ಅಂಟಿಕೊಂಡು ಪುಡಿ ಗಾಜಿನ ಪಾಲಾಗ್ತೈತಿ.