ಮೂರು ಪೋಲರಾಯ್ಡ್ ತುಂಡಿನಿಂದ ಕ್ವಾಂಟಮ್ ರುಚಿ ಹತ್ತಿಸಿ
ಹೈಸ್ಕೂಲ್ ಮಕ್ಕಳಿಗೆ ಕ್ವಾಂಟಮ್ ವಿಜ್ಞಾನದ ರುಚಿ ಹತ್ತಿಸಲು ಭಾಷಣ ಬೇಡ, ಪೋಲರಾಯ್ಡ್ ಹಾಳೆಯ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪ್ಲಾಸ್ಟಿಕ್ ಹಾಳೆ) 5 ಸೆಂ.ಮೀ. ಚೌಕದ ಮೂರು ತುಂಡು ಸಾಕು. ಎರಡನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದು, ಮೇಲಿನದನ್ನು ನಿಧಾನವಾಗಿ ತಿರುಗಿಸಿ. 90 ಡಿಗ್ರಿಗೆ ಬಹುತೇಕ ಕತ್ತಲು. ಈಗ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ನಡುವೆ ತೂರಿಸಿ. ಬೆಳಕು ಮತ್ತೆ ಬರುತ್ತದೆ! ಅಡ್ಡಿ ಹೆಚ್ಚಾದರೂ ಬೆಳಕು ಹೆಚ್ಚಿದ್ದು ಹೇಗೆ? ಉತ್ತರ ಕೂಡಲೇ ಹೇಳಬೇಡಿ, ಮಕ್ಕಳೇ ತಲೆ ಕೆಡಿಸಿಕೊಳ್ಳಲಿ.

ತರಂಗ ಸಿದ್ಧಾಂತವೂ ಇದನ್ನು ವಿವರಿಸುತ್ತದೆ, ಅದನ್ನು ಮುಚ್ಚಿಡಬೇಡಿ. ಆದರೆ ಒಂದೇ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಕಣ, 45 ಡಿಗ್ರಿ ಓರೆಯ ತುಂಡಿಗೆ ಬಂದರೆ? ಅರ್ಧ ಫೋಟಾನ್ ದಾಟುವುದಿಲ್ಲ. ದಾಟುವ ಸಂಭವ ಅರ್ಧ, ದಾಟಿದ್ದರ ಸ್ಥಿತಿಯೇ ಬೇರೆ: ಅದರ ಕಂಪನದ ದಿಕ್ಕು ಈಗ ಆ ಓರೆ ತುಂಡಿನದು, ಹಾಗಾಗಿ ಕೊನೆಯ ತುಂಡನ್ನೂ ದಾಟಬಲ್ಲದು. ಕ್ವಾಂಟಮ್ ಶುರುವಾಗುವುದು ಇಲ್ಲಿ.

ಸಿನಿಮಾದ 3ಡಿ ಕನ್ನಡಕದ ಗಾಜು ಬಳಸಬೇಡಿ. ಹೆಚ್ಚಿನವು ವೃತ್ತೀಯ ಧ್ರುವೀಕರಣದವು (ಬೆಳಕಿನ ಕಂಪನದ ದಿಕ್ಕು ಸುತ್ತುತ್ತಾ ಸಾಗುವ ಬಗೆ), ಸರಿಯಾಗಿ ಕತ್ತಲಾಗುವುದಿಲ್ಲ. ಮೂರನೆಯ ತುಂಡು ನಡುವೆ ಇರದೆ ಮೇಲೋ ಕೆಳಗೋ ಇದ್ದರೂ ಕತ್ತಲೇ.

ಆಸಕ್ತಿ ಮೂಡಿದವರಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡಿ ಎನ್ನಿ. ಮ್ಯಾಟ್ರಿಕ್ಸ್, ಸಂಕೀರ್ಣ ಸಂಖ್ಯೆ, ಸಂಭವನೀಯತೆ ಗಟ್ಟಿಯಾಗಿರಲಿ. 2023ರಲ್ಲಿ ಒಪ್ಪಿಗೆ ಪಡೆದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದೆ. ಪಿಎಚ್‌ಡಿ ಮಾಡಿದವರಷ್ಟೇ ಅಲ್ಲ, ಲೇಸರ್, ನಿರ್ವಾತ ಪಂಪು, ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವರೂ ಕ್ವಾಂಟಮ್ ಪ್ರಯೋಗಾಲಯಗಳಿಗೆ ಬೇಕು.