‘ಎಂ’ ಅಂದರೆ ಮೈಸೂರಲ್ಲ: ಹಳೆ ನಾಣ್ಯದ ಗುರುತು ಓದುವುದು ಹೀಗೆ

ದಸರಾ ರಜೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಒಂದು ರೂಪಾಯಿ ನಾಣ್ಯ ಹಿಡಿದು ಓಡಿ ಬಂದ. 1997ರದ್ದು. ಇಸವಿ ಕೆಳಗೆ ಪುಟ್ಟ ‘ಎಂ’ ಅಕ್ಷರ, ನಾಣ್ಯ ಎಲ್ಲಿ ತಯಾರಾಯಿತು ಎಂದು ಹೇಳುವ ಗುರುತು. ‘ಅಂಕಲ್, ಇದು ಮೈಸೂರಲ್ಲೇ ಮಾಡಿದ್ದು. ಲಕ್ಷ ಬರುತ್ತಂತೆ!’ ಮೈಸೂರಿನ ಮೇಟಗಳ್ಳಿಯಲ್ಲಿ ಅಚ್ಚಾಗುವುದು ನೋಟು, ನಾಣ್ಯ ಅಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಆ ‘ಎಂ’ ನೆತ್ತಿಯ ಮೇಲೊಂದು ಸೊನ್ನೆ ಇತ್ತು. ಅಂದರೆ ಮೆಕ್ಸಿಕೊದಲ್ಲಿ ಮಾಡಿದ್ದು! ಹುಡುಗನ ಮುಖ ಬಾಡಿತು. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ತರುವ ಮೊದಲು ಮನೆಯವರು ಅದನ್ನು ಪಾತ್ರೆ ಪುಡಿ ಹಾಕಿ ಫಳಫಳ ಉಜ್ಜಿದ್ದರು.

ಹಾಗಾಗಿ ಮೊದಲ ಹೆಜ್ಜೆ ಎಂದರೆ ಏನೂ ಮಾಡದಿರುವುದು. ಹುಣಸೆಹಣ್ಣು, ನಿಂಬೆರಸ, ಟೂತ್‌ಪೇಸ್ಟ್ ಯಾವುದೂ ಬೇಡ. ನಾನೂ ಚಿಕ್ಕವನಿದ್ದಾಗ ಅಜ್ಜಿಯ ಬೆಳ್ಳಿ ರೂಪಾಯಿಯನ್ನು ವಿಭೂತಿ ಹಾಕಿ ತಿಕ್ಕಿದ್ದೆ. ರಾಜನ ಕೆನ್ನೆ ತುಂಬಾ ಸಣ್ಣ ಗೀರು. ಆ ಗೀರು ಇವತ್ತಿಗೂ ಇದೆ. ಮಣ್ಣು ಮೆತ್ತಿದ್ದರೆ ಶುದ್ಧ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಒತ್ತಬೇಕು, ಉಜ್ಜಬಾರದು. ‘ನಾಣ್ಯ ಹೊಳಪಿಸುವ ದ್ರಾವಣ’ ಅಂತ ಮಾರುವುದನ್ನೂ ಕೊಳ್ಳಬೇಡಿ.

ಆಮೇಲೆ ತೂಕ ಮತ್ತು ಅಯಸ್ಕಾಂತ. ಐದು ನಿಮಿಷದ ಕೆಲಸ. ಚಿನಿವಾರರ ತಕ್ಕಡಿ ಸಾಕು. 1992ರಿಂದ ಬಂದ ಸ್ಟೀಲ್ ರೂಪಾಯಿ 4.85 ಗ್ರಾಂ, ಅಯಸ್ಕಾಂತಕ್ಕೆ ಅಂಟುತ್ತದೆ. ಬ್ರಿಟಿಷರ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂಟಬಾರದು. ಅಂಟಿದರೆ ಮಾತು ಮುಗಿಯಿತು. 1947ರ ನಿಕ್ಕಲ್ ರೂಪಾಯಿ ಮಾತ್ರ ಅಂಟುತ್ತದೆ, ಅದು ಬೆಳ್ಳಿಯೂ ಅಲ್ಲ.

ಈಗ ಗುರುತು ಓದುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಹತ್ತು ಪಟ್ಟು ದೊಡ್ಡದು ಮಾಡುವ ಒಂದು ಒಳ್ಳೆ ಲೂಪ್ ಕೊಳ್ಳಿ. ‘ಅರವತ್ತು ಪಟ್ಟು, ಲೈಟ್ ಸಮೇತ’ ಎನ್ನುವ ಪ್ಲಾಸ್ಟಿಕ್ ಸಾಮಾನು ಸುಮ್ನೆ ದುಡ್ಡು ದಂಡ, ಅದರಲ್ಲಿ ಅಂಚೆಲ್ಲ ಮಸುಕು. ಬೆಳಕು ಮೇಲಿಂದ ಬೇಡ, ಪಕ್ಕದಿಂದ ಬೀಳಲಿ. ಬೆಳಗ್ಗೆ ಎಂಟರ ಹೊತ್ತಿಗೆ ಕಿಟಕಿ ಪಕ್ಕ ಕೂತು ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಟ್ಯೂಬ್‌ಲೈಟ್ ಕೆಳಗೆ ಕಾಣದ ಗುರುತು ಆಗ ನೆರಳು ಬೀಳಿಸಿಕೊಂಡು ಎದ್ದು ಕಾಣುತ್ತದೆ.

ನಮ್ಮ ಟಂಕಸಾಲೆಗಳ ಗುರುತು ಸಾಮಾನ್ಯವಾಗಿ ಇಸವಿಯ ಕೆಳಗೆ ನಡುವಿಗೆ ಇರುತ್ತದೆ. ಮುಂಬೈಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಗೆ ದುಂಡು ಚುಕ್ಕೆ. ಕೋಲ್ಕತ್ತಕ್ಕೆ ಗುರುತೇ ಇಲ್ಲ. ಗುರುತಿಲ್ಲದ ನಾಣ್ಯ ಅಪರೂಪ ಅಂದುಕೊಂಡು ಡಬ್ಬಿ ತುಂಬಿಟ್ಟವರನ್ನು ಕಂಡಿದ್ದೇನೆ, ಪಾಪ.

ತೊಂದರೆ ಏನೆಂದರೆ, ವಜ್ರದ ಮೂಲೆಗಳು ಸವೆದರೆ ಅದೂ ದುಂಡು ಚುಕ್ಕೆಯೇ. ಆಗ ಇಸವಿ ನೋಡಿ. ನೋಯ್ಡಾದಲ್ಲಿ ನಾಣ್ಯ ಟಂಕಿಸಲು ಶುರುವಾದದ್ದು 1988ರಲ್ಲಿ. 1978ರ ನಾಣ್ಯದಲ್ಲಿ ‘ನೋಯ್ಡಾ ಚುಕ್ಕೆ’ ಕಂಡರೆ ಅದು ಸಾಮಾನ್ಯವಾಗಿ ಸವೆದ ಮುಂಬೈ. ಇನ್ನು ಗುರುತು ಎಲ್ಲಿದೆ ಎನ್ನುವುದೂ ಮುಖ್ಯ. ವಜ್ರ ನಡುವೆ ಇರದೆ ಇಸವಿಯ ಮೊದಲ ಅಂಕಿಯ ಕೆಳಗಿದ್ದರೆ ಅದು ಮುಂಬೈ ಅಲ್ಲ, ಬ್ರಿಟನ್ನಿನ ಲ್ಯಾಂಟ್ರಿಸಂಟ್. ನಕ್ಷತ್ರ ಹಾಗೆ ಪಕ್ಕಕ್ಕೆ ಸರಿದಿದ್ದರೆ ದಕ್ಷಿಣ ಕೊರಿಯಾ.

ಬ್ರಿಟನ್, ಕೊರಿಯಾ ಯಾಕೆ ಬಂದವು ಅಂತೀರಾ? 1980ರ ಮತ್ತು 90ರ ದಶಕದಲ್ಲಿ ಚಿಲ್ಲರೆ ಅಭಾವ ಜಾಸ್ತಿಯಾಗಿ ಸರ್ಕಾರ ಹೊರದೇಶಗಳಲ್ಲೂ ನಾಣ್ಯ ಮಾಡಿಸಿತು. 1985ರ ರೂಪಾಯಿಯಲ್ಲಿ ‘ಎಚ್’ ಇದ್ದರೆ ಬರ್ಮಿಂಗ್‌ಹ್ಯಾಮ್. 1988ರ ನಾಲ್ಕಾಣೆಯಲ್ಲಿ ‘ಸಿ’ ಇದ್ದರೆ ಕೆನಡಾದ ಒಟ್ಟಾವಾ. ವೃತ್ತದೊಳಗೆ ‘ಎಂಕೆ’ ಇದ್ದರೆ ಸ್ಲೊವಾಕಿಯಾ, ‘ಎಂಎಂಡಿ’ ಇದ್ದರೆ ಮಾಸ್ಕೊ. ಆ ಬಡಪಾಯಿ ‘ಎಂ’ ವಿಷಯಕ್ಕೆ ಬಂದರೆ, ಮೇಲೆ ಸೊನ್ನೆ ಇದ್ದರೆ ಮೆಕ್ಸಿಕೊ, ಮೊಟ್ಟೆಯಾಕಾರದ ಗೆರೆಯೊಳಗೆ ಕೂತಿದ್ದರೆ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ. ಸುತ್ತ ಏನೂ ಇಲ್ಲದೆ ನಾಣ್ಯ ಕನ್ನಡಿಯಂತೆ ಹೊಳೆಯುತ್ತಿದ್ದರೆ ಸಂಗ್ರಹಕಾರರಿಗೆಂದು ಮುಂಬೈಯಲ್ಲಿ ಮಾಡಿದ ಪ್ರೂಫ್ ನಾಣ್ಯ.

ಈ ಪಟ್ಟಿಯಲ್ಲಿ ಯಾವುದಕ್ಕೂ ಸೇರದ ವಿಚಿತ್ರ ಗುರುತು ಕಂಡರೆ ಕುಣಿಯಬೇಡಿ. ಅಸಲಿ ಗುರುತು ಇಸವಿಯ ಅಂಕಿಗಳ ಹಾಗೆ ಉಬ್ಬಿರುತ್ತದೆ. ಒಳಕ್ಕೆ ಕೊರೆದಂತಿದ್ದರೆ ಯಾರೋ ಮೊಳೆ ಆಡಿಸಿದ್ದಾರೆ. ಇಸವಿ ಕೆಳಗಿನ ಜಾಗ ಮಾತ್ರ ಸುತ್ತಲಿಗಿಂತ ನುಣ್ಣಗಿದ್ದರೆ ಅರ ಹಾಕಿ ಗುರುತು ಅಳಿಸಿದ್ದಾರೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ಬೆಳ್ಳಿ ರೂಪಾಯಿಯಲ್ಲಿ ಇಷ್ಟು ಗೋಜಲಿಲ್ಲ. ಐದನೇ ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಹೂವಿನಡಿ ಚುಕ್ಕೆ ಇದ್ದರೆ ಬಾಂಬೆ, ಇಲ್ಲದಿದ್ದರೆ ಕಲ್ಕತ್ತ. 1940ರ ದಶಕದವುಗಳಲ್ಲಿ ‘ಎಲ್’ ಕಂಡರೆ ಲಾಹೋರ್. ‘ಪಾಕಿಸ್ತಾನದ್ದು, ಸಿಗೋದೇ ಇಲ್ಲ’ ಎಂದು ಬೆಲೆ ಏರಿಸುತ್ತಾರೆ. ನಂಬಬೇಡಿ, ಸಾಕಷ್ಟು ಸಿಗುತ್ತವೆ.

ಮಂಡ್ಯ ಕಡೆಯವರು ಟಿಪ್ಪು ಕಾಲದ ಆನೆ ಪೈಸೆ ತಂದು ತೋರಿಸುತ್ತಾರೆ. ಅದರಲ್ಲಿ ಗುರುತಿನ ಬದಲು ಊರ ಹೆಸರೇ ಪರ್ಶಿಯನ್ ಲಿಪಿಯಲ್ಲಿರುತ್ತದೆ. ‘ಪಟನ್’ ಅಂದರೆ ಶ್ರೀರಂಗಪಟ್ಟಣ, ‘ನಗರ’ ಅಂದರೆ ಬಿದನೂರು. ಇಸವಿಯಲ್ಲೂ ಒಂದು ಮೋಜಿದೆ. 1787ರಿಂದ ಟಿಪ್ಪು ಮೌಲೂದಿ ಎಂಬ ಹೊಸ ಇಸವಿ ಲೆಕ್ಕ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಹಾಕಿಸಿದ. 5121 ಅಂತ ಕಂಡರೆ ಅದು ಮೌಲೂದಿ 1215. ಪೈಸೆ ಸುಮಾರು 11 ಗ್ರಾಂ ತೂಗಬೇಕು. ಪ್ರವಾಸಿಗರ ಕೈಗೆ ಮಾರುವ ಎಷ್ಟೋ ‘ಟಿಪ್ಪು ನಾಣ್ಯ’ಗಳು ಅಚ್ಚಿಗೆ ಎರಕ ಹೊಯ್ದವು. ಮೈಮೇಲೆ ಸೂಜಿ ಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಬೆಸುಗೆಯಂಥ ಗೆರೆ. ಅಸಲಿಯಲ್ಲಿ ಆನೆ ಒಂದು ಕಡೆ ಸರಿದು ಸೊಂಡಿಲೋ ಬಾಲವೋ ಅಂಚಿನಾಚೆ ಹೋಗಿರುವುದು ಮಾಮೂಲು. ತೀರಾ ಅಚ್ಚುಕಟ್ಟಾಗಿದ್ದರೆ ನನಗೆ ಅನುಮಾನ ಬರುತ್ತದೆ.

ಕೊನೆಗೆ ಬೆಲೆ. ಬೆಳ್ಳಿ ರೂಪಾಯಿಯ ತಳಬೆಲೆ ನೀವೇ ಲೆಕ್ಕ ಹಾಕಬಹುದು. 1939ರವರೆಗಿನದ್ದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. 1940ರಿಂದ ಅರ್ಧಕ್ಕರ್ಧ, 5.83 ಗ್ರಾಂ. ಅದಕ್ಕಿಂತ ಕಡಿಮೆಗೆ ಕೇಳಿದವರಿಗೆ ಕೊಡಬೇಡಿ. ಅದರ ಮೇಲೆ ಎಷ್ಟು ಎನ್ನುವುದು ಸವೆತಕ್ಕೆ ಬಿಟ್ಟದ್ದು. ರಾಜನ ಹುಬ್ಬು, ಕಿರೀಟದ ಕುಸುರಿ, ಅಶೋಕ ಸಿಂಹದ ಕೇಸರ ನೋಡಿ, ಮೊದಲು ಸವೆಯುವುದೇ ಅವು. ಮೊಬೈಲಿನಲ್ಲಿ ಕಾಣುವ ಲಕ್ಷ ಲಕ್ಷಗಳು ಮಾರುವವರು ಕೇಳುವ ಬೆಲೆ. ನಿಮಗೆ ಬೇಕಾದದ್ದು ಹರಾಜಿನಲ್ಲಿ ಕೊಂಡವರು ನಿಜಕ್ಕೂ ಕೊಟ್ಟ ಬೆಲೆ. ಆ ಹುಡುಗನ ಮೆಕ್ಸಿಕೊ ರೂಪಾಯಿ ಉಜ್ಜಿದ ಮೇಲೆ ಒಂದು ರೂಪಾಯಿ ಅಂದರೆ ಒಂದು ರೂಪಾಯಿಯೇ.

‘ನಾವು ಕೊಳ್ಳುತ್ತೇವೆ, ಮೊದಲು ಟ್ಯಾಕ್ಸ್ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ತನ್ನ ಹೆಸರಲ್ಲಿ ಹೀಗೆ ಮೋಸ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಮಾರುವವರೆಗೆ ನಾಣ್ಯವನ್ನು ಮೆತ್ತನೆಯ ಪಿವಿಸಿ ಹಾಳೆಯ ಆಲ್ಬಮ್ಮಿನಲ್ಲಿ ಇಡಬೇಡಿ, ಹಸಿರು ಕಿಲುಬು ಹಿಡಿಯುತ್ತದೆ. ರಟ್ಟಿನ ಚೌಕಟ್ಟು ವಾಸಿ. ನೂರು ವರ್ಷ ದಾಟಿದ್ದನ್ನು ಹೊರದೇಶದ ನೆಂಟರ ಸೂಟ್‌ಕೇಸಿಗೆ ಹಾಕಬೇಡಿ, ಕಾನೂನು ಒಪ್ಪುವುದಿಲ್ಲ. ಗದ್ದೆ ಉಳುವಾಗ ಕುಡಿಕೆಯಲ್ಲಿ ಸಿಕ್ಕಿದ್ದಾದರೆ ಬೆಲೆ ವಿಚಾರಿಸುವುದು ಆಮೇಲೆ, ಮೊದಲು ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿ.