ಐದು ಜನ, ಒಂದು ಮೋಟರ್‌ಹೋಮ್: ನಾವು ಅದನ್ನು ನೋಡಿಕೊಳ್ಳುವ ಬಗೆ

ಮಗಳು ಮಲಗುವ ಮೇಲಿನ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಒಂದು ಕಲೆ ಇತ್ತು. ಒಳಗೇ ಮಲಗಲು, ಅಡುಗೆ ಮಾಡಲು ಜಾಗವಿರುವ ಗಾಡಿ, ಅಂದರೆ ಮೋಟರ್‌ಹೋಮ್, ಕೊಂಡು ಆಗಿನ್ನೂ ನಾಲ್ಕು ತಿಂಗಳು. ಹಳೇ ಗಾಡಿ, ಬಣ್ಣ ಮಾಸಿರಬೇಕು ಅಂದುಕೊಂಡೆ. ಒಂದು ದಿನ ಮಗಳೇ ಬೆರಳಿಟ್ಟು ತೋರಿಸಿದಳು: "ಅಮ್ಮ, ಇಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ ನೋಡು." ನಿಜವಾಗಿ ಹೋಯಿತು. ಹಲಗೆ ನೆನೆದ ರಟ್ಟಿನ ಹಾಗಾಗಿತ್ತು.

ಮೋಟರ್‌ಹೋಮ್ ಅಂದರೆ ಮನೆ ಅಂತ ನಾವು ನಂಬಿದ್ದೆವು. ಪರದೆ, ದಿಂಬು, ಕಪಾಟು ಅಂತ ಶುರು ಮಾಡಿದ್ದೆವು. ಆದರೆ ಇದು ಪ್ರವಾಸದ ದಿನ ಮೂರು ನಾಲ್ಕು ಗಂಟೆ ಕುಲುಕುವ ಮನೆ. ಕುಲುಕಾಟಕ್ಕೆ ಸ್ಕ್ರೂ ಸಡಿಲವಾಗುತ್ತದೆ, ನೀರು ಬಾರದಂತೆ ಸಂದುಗಳಿಗೆ ತುಂಬಿದ ಸೀಲಂಟ್ ಬಿರಿಯುತ್ತದೆ, ವೈರ್ ಸವೆಯುತ್ತದೆ, ಪೈಪಿನ ಜೋಡಣೆ ಬಿಡುತ್ತದೆ. ಆರು ವರ್ಷದಲ್ಲಿ ನಾನು ಮಾಡಿದ ರಿಪೇರಿಗಳಲ್ಲಿ ಹೆಚ್ಚಿನವು ಇದರಿಂದಲೇ ಬಂದವು.

ನಾವು ಐದು ಜನ: ನಾನು, ಇವರು, ಮಗಳು, ಮಗ, ನಮ್ಮ ಅತ್ತೆ. ಓಡಿಸುವುದು ಹೆಚ್ಚಾಗಿ ಇವರು. ಚಾವಣಿ, ನೀರು, ವೈರಿಂಗ್ ನನ್ನ ಪಾಲು.

ಕೊಳ್ಳುವಾಗ ಒಂದು ಕೆಲಸ ಸರಿಯಾಗಿ ಮಾಡಿದ್ದೆವು. ಮೊದಲು ನೋಡಿದ ಗಾಡಿಯಲ್ಲಿ ಆರು ಜನ ಮಲಗಬಹುದಿತ್ತು. ಅತ್ತೆಗಂತೂ ಅದು ತುಂಬಾ ಹಿಡಿಸಿತ್ತು. ಆದರೆ ಸೀಟ್ ಬೆಲ್ಟ್ ಎಣಿಸಿದರೆ ನಾಲ್ಕೇ. ಪಕ್ಕಕ್ಕೆ ಮುಖ ಮಾಡಿದ ಸೋಫಾದಲ್ಲಿ ಒಬ್ಬರು ಕೂರಬಹುದಲ್ವಾ ಅಂದರು ಮಾರುವವರು. ಜೋರಾಗಿ ಬ್ರೇಕ್ ಹಾಕಿದರೆ ಅಲ್ಲಿ ಕೂತವರ ಗತಿ ಏನು? ಬಿಟ್ಟು ಬಂದೆವು. ಮಲಗುವ ಜಾಗವನ್ನು ಆಮೇಲೆ ಹೇಗಾದರೂ ಹೊಂದಿಸಬಹುದು. ಗಾಡಿಯ ಚೌಕಟ್ಟಿಗೆ ಕಚ್ಚಿದ ಬೆಲ್ಟ್ ಸೀಟನ್ನು ಹಾಗೆ ಸುಮ್ನೆ ಸೇರಿಸಲು ಆಗುವುದಿಲ್ಲ. ಐದು ಬೆಲ್ಟ್ ಇದ್ದ ಗಾಡಿಗಾಗಿ ಇನ್ನೂ ಕೆಲವು ತಿಂಗಳು ಕಾದೆವು.

ಆದರೆ ತೇವ ಅಳೆಯುವ ಮೀಟರ್ ಒಯ್ಯಬೇಕು ಅಂತ ನಮಗೆ ಯಾರೂ ಹೇಳಿರಲಿಲ್ಲ. ಕಲೆ ಕಂಡ ಮೇಲೆ ಕೊಂಡೆ. ಬೇರೆ ಗೋಡೆಗಳಲ್ಲಿ 10ರಿಂದ 12 ತೋರಿಸಿದ ಮೀಟರ್ ಆ ಮೂಲೆಯಲ್ಲಿ 28 ತೋರಿಸಿತು. ಶೇಕಡಾ 20 ದಾಟಿದರೆ ಎಲ್ಲೋ ನೀರು ಒಳಗೆ ಬರುತ್ತಿದೆ ಅಂತಲೇ ಈಗ ನಾನು ಹಿಡಿಯುತ್ತೇನೆ. ಕಷ್ಟ ಏನೆಂದರೆ, ಕಲೆ ಇರುವ ಜಾಗದಲ್ಲೇ ತೂತು ಇರುವುದಿಲ್ಲ. ನೀರು ಚಾವಣಿಯ ಒಳಗಿನ ಮರದ ಪಟ್ಟಿ ಹಿಡಿದು ಹರಿದು, ಎಲ್ಲೋ ತಗ್ಗಿನಲ್ಲಿ ಇಳಿಯುತ್ತದೆ. ನಾನು ಮೀಟರ್ ಹಿಡಿದು ಗೇಣಿಗೊಂದು ಗುರುತು ಹಾಕುತ್ತಾ ಹೋದೆ. ಅಂಕಿ ಏರುತ್ತಾ ಹೋದ ದಾರಿ ಎರಡು ಅಡಿ ಆಚೆ, ಚಾವಣಿ ಕಿಟಕಿಯ ಚೌಕಟ್ಟಿನ ಹತ್ತಿರ ಮುಗಿಯಿತು.

ಮೇಲೆ ಹತ್ತಿ ನೋಡಿದರೆ ಹಿಂದಿನ ಮಾಲೀಕರು ಯಾರೋ ಬಿರುಕಿನ ಮೇಲೆ ಸಿಲಿಕೋನ್ ಬಳಿದಿದ್ದರು. ಆ ಸಿಲಿಕೋನ್ ನನಗೆ ಎರಡು ದಿನ ತಿಂದಿತು. ಒಮ್ಮೆ ಸಿಲಿಕೋನ್ ಬಿದ್ದ ಜಾಗಕ್ಕೆ ಬೇರೆ ಸೀಲಂಟ್ ಅಂಟುವುದಿಲ್ಲ, ಒಂದು ಎಳೆಯೂ ಉಳಿಯದಂತೆ ಕೆರೆದು ತೆಗೆಯಬೇಕು. ಲೋಹದ ಕತ್ತಿಯಿಂದ ಕೆರೆದರೆ ಚಾವಣಿ ಗೀಚಿಹೋಗುತ್ತದೆ, ಹಾಗಾಗಿ ಪ್ಲಾಸ್ಟಿಕ್ ಕೆರೆಗತ್ತಿಯಲ್ಲೇ ಮಾಡಿದೆ. ಚೌಕಟ್ಟು ಪೂರ್ತಿ ಬಿಚ್ಚಿದೆ. ಕೊಳೆತ ಮರ ಕತ್ತರಿಸಿ ತೆಗೆದೆ. ಒಳಗನ್ನು ಮೂರು ವಾರ ಒಣಗಲು ಬಿಟ್ಟೆ. ಮನೆಯವರೆಲ್ಲ ಅವಸರ ಮಾಡಿದರು, ಪ್ರವಾಸ ಮುಂದಕ್ಕೆ ಹೋಯಿತು. ಆದರೂ ಮೀಟರ್ 12ಕ್ಕೆ ಇಳಿಯುವವರೆಗೆ ಮುಚ್ಚಲಿಲ್ಲ. ತೇವ ಇರುವಾಗಲೇ ಮುಚ್ಚಿದರೆ ಹೊಸ ಮರವೂ ಒಳಗೇ ಕೊಳೆಯುತ್ತದೆ. ಆಮೇಲೆ ಹೊಸ ಮರ ಕೂರಿಸಿ, ಚೌಕಟ್ಟಿನ ಕೆಳಗೆ ಬ್ಯೂಟೈಲ್ ಟೇಪ್ ಅನ್ನುವ ರಬ್ಬರಿನಂಥ ಅಂಟು ಪಟ್ಟಿ ಹಾಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಬ್ಯೂಟೈಲ್ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಮೆತ್ತಗೇ ಇರುತ್ತದೆ. ಗಾಡಿ ಕುಲುಕಿದರೆ ಅದೂ ಜೊತೆಗೆ ಬಾಗುತ್ತದೆ, ಬಿರಿಯುವುದಿಲ್ಲ.

ಈಗ ಆರು ತಿಂಗಳಿಗೊಮ್ಮೆ ಚಾವಣಿ ಹತ್ತುತ್ತೇನೆ. ವರ್ಷಕ್ಕೆರಡು ಸಲ ಮೂವತ್ತು ಜಾಗಗಳಲ್ಲಿ ತೇವ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಒಂದು ಸಲದ ಅಂಕಿಯಿಂದ ಅಷ್ಟೇನೂ ತಿಳಿಯುವುದಿಲ್ಲ. ಹೋದ ಸಲಕ್ಕಿಂತ ಏರಿದೆಯಾ ಅನ್ನುವುದೇ ಮುಖ್ಯ. ಒಳಗಿನಿಂದಲೂ ತೇವ ಬರುತ್ತದೆ, ಮರೆಯಬೇಡಿ. ಐದು ಜನ ರಾತ್ರಿಯಿಡೀ ಉಸಿರಾಡಿದರೆ ಒಂದು ಲೀಟರ್‌ಗೂ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಎಷ್ಟೇ ಚಳಿ ಇದ್ದರೂ ಒಂದು ಚಾವಣಿ ಕಿಟಕಿಯನ್ನು ಬೆರಳಷ್ಟು ತೆರೆದೇ ಮಲಗುತ್ತೇವೆ.

ತೂಕದ ವಿಷಯ ನಮಗೆ ಗೊತ್ತಾಗಿದ್ದು ಗಾಡಿ ತೂಗುವ ವೇ ಬ್ರಿಡ್ಜ್ ಮೇಲೆ. ನಮ್ಮ ಗಾಡಿ ಹೊರಬಹುದಾದ ಒಟ್ಟು ತೂಕ 3,500 ಕೆ.ಜಿ. ಖಾಲಿ ಇದ್ದಾಗ 2,960 ಇತ್ತು. ಇನ್ನೂ 540 ಕೆ.ಜಿ. ಇದೆ, ಬೇಕಾದಷ್ಟಾಯಿತು ಅನ್ನಿಸಿತ್ತು. ಆದರೆ ಐದು ಜನ ಸೇರಿ 290. ಟ್ಯಾಂಕಿನ 100 ಲೀಟರ್ ನೀರು ಅಂದರೆ 100 ಕೆ.ಜಿ. ಸೈಕಲ್, ಸಿಲಿಂಡರ್, ಕುರ್ಚಿ, ಬಟ್ಟೆ, ಪಾತ್ರೆ ಎಲ್ಲ ಸೇರಿ 240. ಒಟ್ಟು 3,590! ಅಷ್ಟು ದಿನ 90 ಕೆ.ಜಿ. ಜಾಸ್ತಿ ಹೇರಿಕೊಂಡು ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೆವು. ಬ್ರೇಕ್, ಟೈರ್ ಎಲ್ಲದರ ಮೇಲೂ ಆ ಭಾರ ಬಿದ್ದಿತ್ತು.

ಹಿಂದಿನ ಆಕ್ಸಲ್ ಅನ್ನು, ಅಂದರೆ ಹಿಂದಿನ ಚಕ್ರಗಳ ಅಚ್ಚಿನ ಮೇಲಿನ ಭಾರವನ್ನು, ಬೇರೆಯಾಗಿ ತೂಗಿದಾಗ ಇನ್ನೊಂದು ತಿಳಿಯಿತು. ಸೈಕಲ್‌ಗಳು ಅವುಗಳ ಸ್ಟ್ಯಾಂಡ್ ಸಮೇತ 60 ಕೆ.ಜಿ. ಅವು ಹಿಂದಿನ ಆಕ್ಸಲ್‌ನಿಂದ 2 ಮೀಟರ್ ಆಚೆ ನೇತಾಡುತ್ತಿದ್ದವು. ಮುಂದಿನ ಹಿಂದಿನ ಆಕ್ಸಲ್ ನಡುವೆ 4 ಮೀಟರ್. ಏತದ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ 90 ಕೆ.ಜಿ. ಬೀಳುತ್ತದೆ, ಮುಂದಿನದರಿಂದ 30 ಎತ್ತಿಬಿಡುತ್ತದೆ. ನಮ್ಮದು ಮುಂದಿನ ಚಕ್ರ ಎಳೆಯುವ ಗಾಡಿ. ಮಳೆಯಲ್ಲಿ ಏರು ಹತ್ತುವಾಗ ಚಕ್ರ ಜಾರುತ್ತಿದ್ದದ್ದು ಯಾಕೆ ಅಂತ ಇವರಿಗೆ ಆಗ ಅರ್ಥವಾಯಿತು. ಎರಡು ಸೈಕಲ್ ಮನೆಯಲ್ಲಿ ಉಳಿದವು. ನೀರು 30 ಲೀಟರ್ ಇಟ್ಟುಕೊಂಡು ಓಡುತ್ತೇವೆ, ತಲುಪಿದ ಮೇಲೆ ತುಂಬುತ್ತೇವೆ. ಭಾರದ ಸಾಮಾನು ನೆಲದ ಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ. ಮಕ್ಕಳಿಗೆ ತಲಾ ಒಂದು ಪೆಟ್ಟಿಗೆ, ಅದರಲ್ಲಿ ಏನು ತುಂಬಬೇಕು ಅನ್ನುವುದು ಅವರದೇ ತೀರ್ಮಾನ. ಈಗ 3,440ರಲ್ಲಿ ಇದ್ದೇವೆ.

ವಿದ್ಯುತ್ ನನಗೆ ತುಂಬಾ ಇಷ್ಟದ ಭಾಗ. ಎರಡನೇ ಪ್ರವಾಸದಲ್ಲಿ ಎರಡನೇ ರಾತ್ರಿ ಫ್ರಿಜ್ ನಿಂತಿತು. ಎರಡು ಲೆಡ್ ಆಸಿಡ್ ಬ್ಯಾಟರಿ, ತಲಾ 100 ಆಂಪಿಯರ್ ಅವರ್, ಅಂದರೆ 1 ಆಂಪಿಯರ್‌ನಂತೆ 100 ಗಂಟೆ ಕೊಡುವಷ್ಟು. ಬ್ಯಾಟರಿಯಲ್ಲಿ 12.2 ವೋಲ್ಟ್ ಇತ್ತು. ಅಂದರೆ ಅರ್ಧದಷ್ಟು ಇನ್ನೂ ಇದೆ. ಮತ್ತೆ ಯಾಕೆ ನಿಂತಿತು? ವೋಲ್ಟ್ ಅಳೆಯುವ ಮಲ್ಟಿಮೀಟರ್ ಅನ್ನು ಫ್ರಿಜ್ ಹಿಂದೆ ಹಿಡಿದರೆ 11.6. ನಡುವೆ 5 ಮೀಟರ್ ಉದ್ದದ 1.5 ಚದರ ಮಿ.ಮೀ. ವೈರ್ ಇತ್ತು. ಹೋಗುವ ಬರುವ ದಾರಿ ಸೇರಿ 10 ಮೀಟರ್, 5 ಆಂಪಿಯರ್ ಹರಿದರೆ ಸುಮಾರು 0.6 ವೋಲ್ಟ್ ವೈರಿನಲ್ಲೇ ಕರಗುತ್ತದೆ. 12 ವೋಲ್ಟಿನಲ್ಲಿ ಅದು ಸಣ್ಣ ನಷ್ಟವಲ್ಲ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಫ್ರಿಜ್ ತಾನೇ ಆಫ್ ಆಗುತ್ತದೆ. 6 ಚದರ ಮಿ.ಮೀ. ವೈರ್ ಎಳೆದೆ. ನಷ್ಟ 0.15 ವೋಲ್ಟ್‌ಗೆ ಇಳಿಯಿತು. ಹೊಸ ಬ್ಯಾಟರಿ ಕೊಳ್ಳಲು ಹೊರಟಿದ್ದೆವು, ಆಗ ಬೇಕಾಗಿದ್ದದ್ದು ದಪ್ಪ ವೈರ್ ಮಾತ್ರ.

ಆಮೇಲೆ ಕೂತು ದಿನದ ಲೆಕ್ಕ ಬರೆದೆ. ಫ್ರಿಜ್ 40 ಆಂಪಿಯರ್ ಅವರ್, ಚಾವಣಿ ಫ್ಯಾನ್ 12, ದೀಪ 6, ನೀರಿನ ಪಂಪ್ 2, ಫೋನು ಇತ್ಯಾದಿ 10. ಒಟ್ಟು 70. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ, ಹಾಗಾಗಿ ನಮ್ಮ 200ರಲ್ಲಿ ಬಳಸಲು ಸಿಗುತ್ತಿದ್ದದ್ದು 100. ಅವು ಹಳತಾದಾಗ 200ರ ಒಂದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿದೆ. ಅದರಲ್ಲಿ 160 ಬಳಸಬಹುದು. ತೂಕದಲ್ಲೂ 30 ಕೆ.ಜಿ. ಉಳಿಯಿತು. ಅದನ್ನು 0 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಬಾರದು, ಆದ್ದರಿಂದ ಸೀಟಿನ ಕೆಳಗೆ, ಒಳಗಡೆ ಇಟ್ಟಿದ್ದೇನೆ. ಎಂಜಿನ್ ಓಡುವಾಗ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ನೇರವಾಗಿ ಜೋಡಿಸಲಿಲ್ಲ. ಲಿಥಿಯಂ ಸಿಕ್ಕಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಡಬಹುದು. ನಡುವೆ ಆ ಎಳೆತಕ್ಕೆ ಮಿತಿ ಹಾಕುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇದೆ. ಚಾವಣಿಯ 200 ವ್ಯಾಟ್ ಸೋಲಾರ್ ಒಳ್ಳೆ ಬಿಸಿಲಿನ ದಿನ 55ರಿಂದ 60 ಆಂಪಿಯರ್ ಅವರ್ ಕೊಡುತ್ತದೆ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವೇ ಇರಲಿ. ಬ್ಯಾಟರಿಯಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ.

ಗ್ಯಾಸ್ ವಿಷಯದಲ್ಲಿ ನಾವು ಮಾಡಿದ ತಪ್ಪು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಒಲೆಯ ಕೆಳಗೆ ನೆಲದಲ್ಲಿ ಒಂದು ತೂತಿತ್ತು. ದೂಳು ಬರುತ್ತದೆ ಅಂತ ಅದನ್ನು ಮುಚ್ಚಿದ್ದೆವು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಅದು ಹೊರಗೆ ಇಳಿದುಹೋಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ತಿಳಿದ ಕೂಡಲೇ ತೆರೆದು ಸಣ್ಣ ಜಾಲರಿ ಹಾಕಿದೆ. ಗ್ಯಾಸ್ ಅಲಾರಂ ನೆಲದ ಹತ್ತಿರ ಇದೆ. ಬೆಂಕಿ ಸರಿಯಾಗಿ ಉರಿಯದಾಗ ಹುಟ್ಟುವ ವಾಸನೆಯಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಗಾಳಿಯಷ್ಟೇ ಹಗುರ, ಎಲ್ಲೆಡೆ ಬೆರೆಯುತ್ತದೆ, ಅದರ ಅಲಾರಂ ಮಲಗಿದವರ ತಲೆಯ ಮಟ್ಟದಲ್ಲಿದೆ. ಜೋಡಣೆಗಳನ್ನು ಸೋಪಿನ ನೀರು ಹಚ್ಚಿ ನೋಡುತ್ತೇನೆ. ಗುಳ್ಳೆ ಬಂದರೆ ನಾನು ಕೈ ಹಾಕುವುದಿಲ್ಲ, ಗ್ಯಾಸ್ ಕೆಲಸ ಬಲ್ಲವರನ್ನೇ ಕರೆಸುತ್ತೇನೆ. ಎಲ್‌ಪಿಜಿಯಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್ ಅನ್ನುವ ಅನಿಲಗಳು. ಚಳಿ ಪ್ರದೇಶಕ್ಕೆ ಹೋಗುವಾಗ ಪ್ರೊಪೇನ್ ಬೇಕು. ಬ್ಯೂಟೇನ್ 0 ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ, ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ.

ನೀರಿನ ಟ್ಯಾಂಕಿಗೆ ವರ್ಷಕ್ಕೆರಡು ಸಲ ಪರಿಮಳ ಬೆರೆಸದ ಶೇಕಡಾ 5ರ ಬ್ಲೀಚ್, ಲೀಟರಿಗೆ 1 ಮಿ.ಲೀ. ಪ್ರತಿ ನಲ್ಲಿಯಲ್ಲೂ ಅದು ಬರುವವರೆಗೆ ಬಿಟ್ಟು, ರಾತ್ರಿಯಿಡೀ ಇಟ್ಟು, ವಾಸನೆ ಹೋಗುವ ತನಕ ತೊಳೆಯುತ್ತೇನೆ. ಒಂದು ರಾತ್ರಿ ಅತ್ತೆಗೆ ನಿದ್ದೆ ಬಂದಿರಲಿಲ್ಲ. "ನೋಡಮ್ಮ, ಏನೋ ಟಕ್ ಅನ್ನುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಟಕ್ ಅನ್ನುತ್ತೆ" ಅಂದರು. ನಲ್ಲಿಗಳೆಲ್ಲ ಮುಚ್ಚಿದ್ದಾಗ ಪಂಪ್ ಹಾಗೆ ಮಿಡಿದರೆ ಎಲ್ಲೋ ಒತ್ತಡ ಇಳಿಯುತ್ತಿದೆ ಅಂತಲೇ ಅರ್ಥ. ಹುಡುಕಿದರೆ ಸಿಂಕ್ ಕೆಳಗಿನ ಕ್ಲಿಪ್ ಸಡಿಲವಾಗಿ ಹನಿ ಹನಿ ಸೋರುತ್ತಿತ್ತು. ಅತ್ತೆ ಕೇಳಿಸಿಕೊಳ್ಳದಿದ್ದರೆ ನೆಲದ ಹಲಗೆಯೂ ಹೋಗುತ್ತಿತ್ತು.

ಟೈರ್ ಬಗ್ಗೆ ಒಂದೇ ಮಾತು: ಇಂಥ ಗಾಡಿಯ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೇಲ್ಮೈ ಸವೆಯದೆ ಚೆನ್ನಾಗಿದ್ದರೂ ಆರು ವರ್ಷಕ್ಕೆ ನಾವು ಬದಲಿಸುತ್ತೇವೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ, ಉದ್ದದ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗಿಬಿಡುತ್ತದೆ.

ಹೊರಡುವ ಮೊದಲು ಮಗ ಗಾಡಿಯ ಸುತ್ತ ಒಂದು ಸುತ್ತು ಬರುತ್ತಾನೆ. ಚಾವಣಿ ಕಿಟಕಿ, ಮೆಟ್ಟಿಲು, ಕರೆಂಟ್ ಕೇಬಲ್, ಚಕ್ರದ ಅಡ್ಡಗಟ್ಟೆ. ಒಳಗೆ ಮಗಳು ಕಪಾಟಿನ ಚಿಲಕ ನೋಡುತ್ತಾಳೆ, ನಾನು ಗ್ಯಾಸ್ ಮುಚ್ಚುತ್ತೇನೆ. ಗಾಡಿಯ ಎತ್ತರ 2.95 ಮೀಟರ್ ಅಂತ ಚಾಲಕನ ಕಣ್ಣೆದುರಿಗೇ ಅಂಟಿಸಿದ್ದೇವೆ. ಕತ್ತಲಾಗುವ ಮೊದಲು ತಲುಪುವ ಹಾಗೆ ಲೆಕ್ಕ ಹಾಕಿ ಹೊರಡುತ್ತೇವೆ. ಹೊಸ ಜಾಗದಲ್ಲಿ ಕತ್ತಲಲ್ಲಿ ಗಾಡಿ ಸಮ ಮಾಡುತ್ತಾ ಕೂತರೆ ಮಕ್ಕಳೂ ಅತ್ತೆಯೂ ದಣಿಯುತ್ತಾರೆ.

ಹೋದ ತಿಂಗಳು ಮತ್ತೆ ತೇವ ಅಳೆದೆ. ಮಗಳ ಹಾಸಿಗೆಯ ಮೂಲೆ 11. ಹಿಂದಿನ ಕಿಟಕಿಯ ಕೆಳಗೆ ಮಾತ್ರ 16, ಹೋದ ಸಲ 13 ಇತ್ತು. ಬ್ಯೂಟೈಲ್ ಟೇಪ್ ತಂದಿಟ್ಟಿದ್ದೇನೆ. ಮುಂದಿನ ಪ್ರವಾಸಕ್ಕೆ ಮೊದಲು ಆ ಕಿಟಕಿ ಬಿಚ್ಚಬೇಕು.